ಮಗ್ಗುಲು ಬದಲಿಸಿದವರು

ಅಳತೆಗೆ ಸಿಗದ್ದನ್ನು ನಂಬಿದವಳಲ್ಲ ನಾನು. ಇಪ್ಪತ್ತು ವರ್ಷ ನರ್ಸ್ ಆಗಿ ದುಡಿದಿದ್ದೇನೆ. ವಾರ್ಡಿನಲ್ಲಿ ಯಾರಾದರೂ ದೆವ್ವ, ಗಾಳಿ ಎಂದು ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ಈಗಲೂ ಅವನ್ನು ನಂಬುತ್ತೇನೆ ಎನ್ನಲಾರೆ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ನಮ್ಮ ಡಾಕ್ಟರರೊಬ್ಬರು ಒಂದು ಅಧ್ಯಯನ ಕೈಗೊಂಡರು. ಲಕ್ವಾ ಹೊಡೆದು ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನಿನ ಹುಣ್ಣು ಮಾಯುತ್ತದೆ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ. ಹಳ್ಳಿಯ ಮನೆಗಳಲ್ಲಿ ಅದು ನಡೆಯುತ್ತದೆಯೇ, ಪ್ರತಿ ಸಲ ಗುರುತು ಹಾಕಲು ಗೋಡೆಗೊಂದು ಚಾರ್ಟ್ ಹಚ್ಚಿಕೊಟ್ಟರೆ ನಡೆದೀತೇ ಎಂಬುದನ್ನು ನೋಡಬೇಕಿತ್ತು. ನಾನು ವಾರಕ್ಕೊಮ್ಮೆ ಮನೆಮನೆಗೆ ಹೋಗಿ ಚಾರ್ಟ್ ನೋಡಿ, ಹುಣ್ಣನ್ನು ಕಾಗದದ ಪಟ್ಟಿಯಿಂದ ಅಳೆದು ಬರೆದುಕೊಳ್ಳಬೇಕು. ಅದಕ್ಕಾಗಿ ಬೈಲಹೊಂಗಲ ಬಿಟ್ಟು ಸವದತ್ತಿಯಲ್ಲಿ ಒಬ್ಬಳೇ ಇರಲು ಬಾಡಿಗೆಗೆ ಖೋಲಿ ಹಿಡಿದೆ. ಅವ್ವ ತೀರಿಕೊಂಡು ಆಗ ಆರು ತಿಂಗಳು. ಬೈಲಹೊಂಗಲದಲ್ಲೂ ನನಗಾಗಿ ಕಾಯುವವರು ಯಾರೂ ಉಳಿದಿರಲಿಲ್ಲ.

ಸವದತ್ತಿ ಹತ್ತಿರದ ಮನೋಳಿಯ ಫಕೀರಪ್ಪ ನನ್ನ ಪಟ್ಟಿಯಲ್ಲಿದ್ದವರು. ಟೇಲರ್ ಆಗಿದ್ದವರು. ಬಲಭಾಗವೂ ಮಾತೂ ಎರಡೂ ಹೋಗಿದ್ದವು. ಮಗಳು ಗಂಗವ್ವ ಸವದತ್ತಿಯ ರೊಟ್ಟಿ ಕೇಂದ್ರಕ್ಕೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಮುಂಜಾನೆ ತಂದೆಗೆ ಉಣಿಸಿ, ನಾಯಿ ಹೊಗದಂತೆ ಹೊರಗಿನಿಂದ ಕೀಲಿ ಹಾಕಿಕೊಂಡು ಹೋದರೆ ಬರುವುದು ಸಂಜೆಗೇ. ಚಾರ್ಟಿನಲ್ಲಿ ಮುಂಜಾನೆಯದೊಂದು, ಸಂಜೆಯಿಂದಾಚೆ ಒಂದೆರಡು ಗುರುತು. ನಡುವೆಲ್ಲ ಖಾಲಿ.

"ನನ್ನ ಕೈಲೆ ಇಷ್ಟ ಆಗತೈತ್ರಿ ಸಿಸ್ಟರ್. ಸುಳ್ಳ ಬರಿಯಾಂಗಿಲ್ಲ" ಎಂದಳು.

ಇಡೀ ಹಗಲು ಒಂದೇ ಮಗ್ಗುಲಲ್ಲಿ ಬಿದ್ದ ದೇಹದ ಹುಣ್ಣು ದೊಡ್ಡದಾಗಬೇಕು. ಇವರದು ವಾರವಾರಕ್ಕೂ ಸಣ್ಣದಾಗುತ್ತ ಬಂತು. ನಾನೇ ತಪ್ಪು ಅಳೆದೆನೇನೋ ಎಂದು ಇನ್ನೊಬ್ಬ ನರ್ಸನ್ನು ಕರೆದೊಯ್ದೆ. ಅವಳ ಅಳತೆಯೂ ಅದೇ ಬಂತು.

ಒಂದು ದಿನ ಮುಂಚೆ ತಿಳಿಸದೇ ಮಧ್ಯಾಹ್ನದ ಬಸ್ಸಿಗೆ ಮನೋಳಿಗೆ ಹೋದೆ. ಬಸ್ಸು ಹತ್ತುವ ಮೊದಲು ರೊಟ್ಟಿ ಕೇಂದ್ರಕ್ಕೆ ಹೋಗಿ ಗಂಗವ್ವನಿಂದ ಕೀಲಿ ಇಸಿದುಕೊಂಡೆ. ಅಪ್ಪನನ್ನು ಅಂಗಾತ ಮಲಗಿಸಿ ಬಂದಿದ್ದೇನೆ ಎಂದಳು. ಕೀಲಿ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗೆ ಫಕೀರಪ್ಪ ಎಡಮಗ್ಗುಲಾಗಿ ಮಲಗಿ ನಿದ್ದೆ ಹೋಗಿದ್ದರು. ಬೆನ್ನಿಗೆ ದಿಂಬು ಆನಿಸಿತ್ತು. ಮೊಣಕಾಲುಗಳ ನಡುವೆ ಹಳೇ ಸೀರೆಯೊಂದನ್ನು ಮೂರು ಮಡಿಕೆ ಮಾಡಿ ತುದಿಯನ್ನು ಒಳಗೆ ಸಿಕ್ಕಿಸಿ ಇಟ್ಟಿತ್ತು.

ಬೆನ್ನ ಹಿಂದಿನ ದಿಂಬನ್ನು ಅವರೇ ಇಟ್ಟುಕೊಳ್ಳುವುದು ಸಾಧ್ಯವಿರಲಿಲ್ಲ. ತುದಿಯನ್ನು ಒಳಗೆ ಸಿಕ್ಕಿಸುವ ಆ ಮಡಿಕೆ ನನ್ನದು. ಅವ್ವ ಹಾಸಿಗೆ ಹಿಡಿದಿದ್ದಾಗ ರೂಢಿಯಾದದ್ದು, ಗಂಗವ್ವನಿಗೆ ಕಲಿಸಿರಲಿಲ್ಲ. ಪಕ್ಕದ ಮನೆಯವರನ್ನು ಕೇಳಿದೆ. ಯಾರೂ ಬಂದಿಲ್ಲ ಎಂದರು.  ಅಭ್ಯಾಸಬಲದಿಂದ ಹುಣ್ಣು ಅಳೆದೆ. ಅಂಚಿನಲ್ಲಿ ಹೊಸ ಚರ್ಮ ಬಂದಿತ್ತು.

ಡಾಕ್ಟರರಿಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. "ಕಾರಣ ತಿಳೀಲಿಲ್ಲ ಅಂತ ಬರೀರಿ. ಸಂಶೋಧನಾದಾಗ ಅದೂ ಒಂದು ಉತ್ತರನ" ಎಂದರು. ಹಾಗೇ ಬರೆದೆ.

ಅಧ್ಯಯನ ಮುಗಿದು ಕೆಲ ತಿಂಗಳ ಮೇಲೆ ಮನೋಳಿಯ ಕಡೆ ಹೋದಾಗ ಆ ಮನೆಗೆ ಹೋದೆ. ಹುಣ್ಣು ಪೂರ್ತಿ ಮಾಯ್ದಿತ್ತು. ಫಕೀರಪ್ಪನವರು ಗೋಡೆಗೆ ಆತು ಕುಳಿತಿದ್ದರು. ತೊದಲುತ್ತ ಮಾತೂ ಬರುತ್ತಿತ್ತು. ಗಂಗವ್ವ ಚಹಾಕ್ಕಿಡಲು ಒಳಗೆ ಹೋದಾಗ ಕೇಳಿಯೇಬಿಟ್ಟೆ, ಹಗಲು ಹೊತ್ತು ಯಾರು ಬಂದು ಮಗ್ಗುಲು ಬದಲಿಸುತ್ತಿದ್ದರು ಎಂದು.

ಅವರು ನನ್ನ ಕಡೆ ಮುಖ ತಿರುಗಿಸಿದರು.

"ನೀವ ಅಲ್ಲೇನ್ರಿ?" ಎಂದರು. "ದಿನಾ ಬರತಿದ್ರಿ. ಒಂದ ಮಾತೂ ಆಡ್ತಿರಲಿಲ್ಲ. ಬಾಳ ದಣದಾಂಗ ಕಾಣತಿದ್ರಿ."

ಚಹಾ ಕುಡಿಯದೇ ಎದ್ದು ಬಂದೆ.

ಲಕ್ವಾದಿಂದ ಅವರ ತಲೆಗೆ ಏನೋ ಆಗಿದ್ದೀತು ಎನ್ನಬಹುದು. ಆದರೆ ಆ ಮಡಿಕೆಯನ್ನು ನಾನೇ ಕಣ್ಣಾರೆ ಕಂಡಿದ್ದೆ. ಬೇರೆ ಊರುಗಳಿಗೆ ಹೋದ ದಿನಗಳಿಗೆ ನನ್ನ ಬಳಿ ಬಸ್ ಟಿಕೀಟಿದೆ, ಫಾರ್ಮಿನ ಮೇಲೆ ಸಹಿ ಇದೆ. ಉಳಿದ ದಿನ ಮಧ್ಯಾಹ್ನ ಖೋಲಿಯ ಬಾಗಿಲು ಹಾಕಿಕೊಂಡು ಮಲಗುತ್ತಿದ್ದೆ. ಹಾಗೆಂದು ನನಗೆ ನೆನಪು. ಆದರೆ ನಾನು ಖೋಲಿಯಲ್ಲೇ ಇದ್ದೆನೆಂದು ಸಾಕ್ಷಿ ಹೇಳುವವರು ಒಬ್ಬರೂ ಇಲ್ಲ.