ಹಾಕಿ ಸ್ಟಿಕ್ಕಿಗೆ ಕಟ್ಟಿದ ಪೊರಕೆ

ಅಂದು ಬೆಳಗ್ಗೆಯೂ ನಾನು ಏಳುವ ಮೊದಲೇ ವಿಮಾನಗಳ ಸದ್ದು ಶುರುವಾಗಿತ್ತು. ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ ಮಾಲ್ಟನ್ನಿನ ನಮ್ಮ ಮನೆಯ ಮೇಲೆ ಅವು ಎಷ್ಟು ತಗ್ಗಿ ಹಾರುತ್ತಿದ್ದವೆಂದರೆ ಸ್ಟೀಲ್ ಡಬ್ಬಿಗಳ ಮುಚ್ಚಳಗಳು ಸಣ್ಣಗೆ ನಡುಗುತ್ತಿದ್ದವು. ನಮ್ಮವರು ಕಾಫಿ ಕುಡಿದು, ಕಾರಿನ ಗಾಜಿನ ಮೇಲೆ ಕಟ್ಟಿದ್ದ ಮಂಜನ್ನು ಕೆರೆದು ಆಫೀಸಿಗೆ ಹೊರಟರು. ನಾನು ಮಗಳ ಡಬ್ಬಿಗೆ ಚಿತ್ರಾನ್ನ ತುಂಬಿ, ತಲೆ ಬಾಚಿ, ದಿನದಂತೆ ಅವಳ ಎಡಗಿವಿಯ ಹಿಂದೆ ದೃಷ್ಟಿಗೆಂದು ಕಾಡಿಗೆಯ ಬೊಟ್ಟಿಟ್ಟೆ. ಹಣೆಗೆ ಇಟ್ಟರೆ ಶಾಲೆಯಲ್ಲಿ ನಗುತ್ತಾರೆಂದು ಅತ್ತಿದ್ದಳು; ಅಂದಿನಿಂದ ಕಿವಿಯ ಹಿಂದೆ.

ಅದು ಅಕ್ಟೋಬರಿನ ಕೊನೆಯ ದಿನ. ಶಾಲೆಗೆ ಮಕ್ಕಳೆಲ್ಲ ವೇಷ ಹಾಕಿಕೊಂಡು ಹೋಗುವ, ಸಂಜೆ ಅದೇ ವೇಷದಲ್ಲಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಹ್ಯಾಲೋವೀನ್. ಏಳು ವರ್ಷದ ನನ್ನ ಮಗಳಿಗೆ ಮಾಟಗಾತಿಯಾಗಬೇಕಿತ್ತು. ನನ್ನದೇ ಒಂದು ಕಪ್ಪು ಲಂಗವನ್ನು ಅವಳ ಕುತ್ತಿಗೆಗೆ ಲಾಡಿ ಬಿಗಿದು ನಿಲುವಂಗಿ ಮಾಡಿದ್ದೆ. ಅಂಗಡಿಯ ಪ್ಲಾಸ್ಟಿಕ್ ಪೊರಕೆ ಅವಳಿಗೆ ಒಪ್ಪಿಗೆಯಾಗಲಿಲ್ಲ. ಬೇಸಿಗೆಯಲ್ಲಿ ಬಂದಿದ್ದ ನಮ್ಮತ್ತೆ ಮೈಸೂರಿನಿಂದ ಸೂಟ್‌ಕೇಸಿನಲ್ಲಿ, ಸೀರೆಗಳ ನಡುವೆ ತಂದಿದ್ದ ತೆಂಗಿನಕಡ್ಡಿ ಪೊರಕೆಯೇ ಬೇಕು. ಅದಕ್ಕೆ ಹಿಡಿ ಇಲ್ಲವಲ್ಲ. ಪಕ್ಕದ ಮನೆಯಾಕೆ, ಗಂಡನಿಲ್ಲದ ಒಂಟಿ ಮುದುಕಿ, ತನ್ನ ಮಗನ ಹಳೆಯ ಹಾಕಿ ಸ್ಟಿಕ್ಕು ಕೊಟ್ಟಿದ್ದಳು. ಅದರ ತುದಿಗೆ ಪೊರಕೆ ಇಟ್ಟು ಟೇಪು ಸುತ್ತಿದೆ. ಮಗಳು ತಕ್ಷಣ ಅದನ್ನು ಕಾಲ ಸಂದಿಗೆ ಹಾಕಿಕೊಂಡು ನಡುಮನೆಯ ತುಂಬ ಓಡಿದಳು.

"ಅಯ್ಯೋ, ಲಕ್ಷ್ಮಿ ಕಣೇ ಅದು! ಹಾಗೆಲ್ಲ ಕಾಲ ಮಧ್ಯೆ ಹಾಕ್ಕೋಬಾರದು."

"ಬಟ್ ಅಮ್ಮಾ, ವಿಚಸ್ ಹಾಗೇ ತಾನೆ ಹಾರ್ಕೊಂಡು ಹೋಗೋದು? ವೈ ಬ್ರೂಮ್? ವ್ಯಾಕ್ಯೂಮ್ ಕ್ಲೀನರ್ ಮೇಲೆ ಯಾಕೆ ಹೋಗಲ್ಲ?"

"ವೈರು ಸಾಲಲ್ಲ" ಎಂದೆ. ಅವಳು ನಕ್ಕಳು. ಆದರೆ ಇದೇ ಪ್ರಶ್ನೆಯನ್ನು ನಾವೂ ಕಾನ್ವೆಂಟಿನಲ್ಲಿ, ಹೊಲಿಗೆ ಕ್ಲಾಸಿನಲ್ಲಿ, ವಯಸ್ಸಾದ ಒಬ್ಬ ಸಿಸ್ಟರ್‌ಗೆ ಕೇಳಿದ್ದೆವು. ಅವರು ಸೂಜಿಯಿಂದ ಕಣ್ಣೆತ್ತದೆ ಹೇಳಿದ್ದರು: ಊರಲ್ಲಿ ಹಾಲು ಒಡೆದರೆ, ಮಗುವಿಗೆ ಜ್ವರ ಬಂದರೆ, ಯಾರಾದರೂ ಒಬ್ಬ ಹೆಂಗಸಿನ ಮೇಲೆ ಹೊರಿಸಬೇಕಿತ್ತು. ರಾತ್ರಿ ಹಾರಿಹೋದಳು ಅನ್ನಬೇಕಾದರೆ ಯಾವುದರ ಮೇಲೆ ಅನ್ನೋದು? ಕುದುರೆ ಎಲ್ಲರ ಮನೆಯಲ್ಲಿರಲ್ಲ. ಪೊರಕೆ ಇಲ್ಲದ ಮನೆಯಿಲ್ಲ, ಪೊರಕೆ ಹಿಡಿಯದ ಹೆಂಗಸಿಲ್ಲ. ಅದಕ್ಕೇ ಪೊರಕೆ. ಆಮೇಲೆ ದಾರ ಕಚ್ಚಿ ತುಂಡರಿಸಿ, "ಆ ಮಾತು ಮೊದಲು ಹೇಳ್ತಿದ್ದವರು ದೂರದವರಲ್ಲ ಮಕ್ಕಳೇ, ಅಕ್ಕಪಕ್ಕದವರು" ಎಂದಿದ್ದರು. ಅದನ್ನು ಮಗಳಿಗೆ ಹೇಳಲಿಲ್ಲ. ಶಾಲೆಯ ಬಾಗಿಲವರೆಗೆ ಬಿಟ್ಟು ಬಂದೆ.

ಪಾತ್ರೆ ತೊಳೆಯುತ್ತಿದ್ದಾಗ ಫೋನ್ ಬಂತು. ಅವಳ ಕ್ಲಾಸ್ ಟೀಚರು. ದನಿ ಮೃದುವಾಗಿಯೇ ಇತ್ತು. ನಲ್ಲಿ ನಿಲ್ಲಿಸಿದೆ. ಮಗು ಚೆನ್ನಾಗಿದ್ದಾಳೆ. ಆದರೆ ಕ್ಲಾಸಿನಲ್ಲಿ ಒಂದು ಮಾತು ಹೇಳಿದಳು, ಅಮ್ಮ ಈ ಪೊರಕೆಯ ಕಡ್ಡಿಗಳನ್ನು ನನ್ನ ತಲೆಯ ಸುತ್ತ ತಿರುಗಿಸಿ ಬೆಂಕಿ ಹಚ್ಚುತ್ತಾಳೆ ಅಂತ. ಕಿವಿಯ ಹಿಂದೆ ಒಂದು ಕಪ್ಪು ಗುರುತೂ ಕಂಡಿತು. ಕರೆದುಕೊಂಡು ಹೋಗಲು ಬಂದಾಗ ಸ್ವಲ್ಪ ಕೂತು ಮಾತಾಡೋಣವೇ?

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೋದ ವಾರ ಮಗಳಿಗೆ ಬಿಡದ ಜ್ವರ. ಡಾಕ್ಟರ ಔಷಧಿಯೂ ನಡೆದಿತ್ತು. ಮೈಸೂರಿನಿಂದ ಫೋನಿನಲ್ಲಿ ಅತ್ತೆ, "ದೃಷ್ಟಿಯಾಗಿದೆ, ಕಡ್ಡಿ ನಿವಾಳಿಸಿ ಸುಡಮ್ಮ" ಎಂದರು. ಮನೆಯೊಳಗೆ ಸುಟ್ಟರೆ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತದೆ. ಹಾಗಾಗಿ ಸಂಜೆ ಗ್ಯಾರೇಜಿನ ಬಾಗಿಲು ಅರ್ಧ ಎತ್ತಿ, ಮಗಳನ್ನು ಚಾಪೆಯ ಮೇಲೆ ಕೂರಿಸಿ, ಒಂದು ಹಿಡಿ ಕಡ್ಡಿಯನ್ನು ಅವಳ ಸುತ್ತ ಮೂರು ಸಲ ಇಳಿಸಿ, ದೂರದಲ್ಲಿ ಹಳೆಯ ಕಾವಲಿಯ ಮೇಲಿಟ್ಟು ಹಚ್ಚಿದ್ದೆ. ಚಟಪಟ ಅಂತ ಸಿಡಿಯಿತು. ಎಷ್ಟು ಸಿಡಿದರೆ ಅಷ್ಟು ದೃಷ್ಟಿ. ಮಗಳು ಚಪ್ಪಾಳೆ ತಟ್ಟಿದ್ದಳು.

ಆಫೀಸಿಗೆ ಫೋನ್ ಮಾಡಿದೆ. ನಮ್ಮವರು ಎಲ್ಲ ಕೇಳಿ, "ಏನೂ ಆಗಲ್ಲ, ಸುಮ್ನಿರು. ಇಂಗ್ಲಿಷ್ ನಂಗಿಂತ ಚೆನ್ನಾಗಿ ಬರುತ್ತಲ್ಲ ನಿಂಗೆ, ಹೇಳು" ಎಂದರು. ಆಮೇಲೆ ದನಿ ತಗ್ಗಿಸಿ, "ಆದ್ರೂ... ಆ ಗ್ಯಾರೇಜ್ ಒಂಚೂರು ತೊಳೆದ್‌ಬಿಡು" ಎಂದರು.

ಆಗ ನಿಜವಾಗಿ ಹೆದರಿದೆ. ಕನ್ನಡದವರು ಸೇರಿದಾಗಲೆಲ್ಲ ಬಿಸಿಬೇಳೆ ಭಾತಿನ ಜೊತೆಗೆ ಬಡಿಸುವ ಕಥೆಯೊಂದಿತ್ತು: ಮಾರ್ಕಮ್ ಊರಿನಲ್ಲಿ ಯಾರದೋ ಮಗ ಶಾಲೆಯಲ್ಲಿ 'ಅಪ್ಪ ಹೊಡೆದ' ಅಂದನಂತೆ, ಅಂದೇ ಸಂಜೆ ಮಕ್ಕಳ ರಕ್ಷಣೆಯ ಆಫೀಸಿನಿಂದ ಇಬ್ಬರು ಬಂದು ಮಗುವನ್ನು ಕರೆದುಕೊಂಡು ಹೋದರಂತೆ. ಯಾರ ಮಗ, ಎಷ್ಟು ದಿನ, ಯಾರಿಗೂ ಗೊತ್ತಿಲ್ಲ. ಬ್ರಷ್ಷು ಹಾಕಿ ನೆಲದ ಮಸಿ ಉಜ್ಜಿದೆ. ಮಸಿ ಹೋಯಿತು. ಅದರ ಜಾಗದಲ್ಲಿ, ಸುತ್ತಲಿಗಿಂತ ಬೆಳ್ಳಗೆ, ತಟ್ಟೆಯಗಲದ ಒಂದು ಗುಂಡು ಗುರುತು ಉಳಿಯಿತು. ಮುಂಚೆಗಿಂತ ಎದ್ದು ಕಾಣುತ್ತಿತ್ತು.

ಉಡಲು ಏನೆಂದು ಬೀರುವಿನ ಮುಂದೆ ನಿಂತೆ. ಸೀರೆ ಬೇಡ ಅನ್ನಿಸಿತು. ಬೊಟ್ಟು ತೆಗೆದು ಕನ್ನಡಿ ನೋಡಿಕೊಂಡೆ, ಮತ್ತೆ ಇಟ್ಟುಕೊಂಡೆ.

ಶಾಲೆಯಲ್ಲಿ ಚಿಕ್ಕ ಕೋಣೆ, ಚಿಕ್ಕ ಕುರ್ಚಿಗಳು. ಟೀಚರ ಪಕ್ಕದಲ್ಲಿ ನಾನು ಹಿಂದೆ ನೋಡಿರದ ಒಬ್ಬಾಕೆ ಕೂತಿದ್ದಳು, ಕೊರಳಲ್ಲಿ ಗುರುತಿನ ಚೀಟಿ. ಮಗಳು ಮೂಲೆಯಲ್ಲಿ ಪೊರಕೆ ಹಿಡಿದು ಕೂತಿದ್ದಳು, ಕುತ್ತಿಗೆಯ ಸುತ್ತ ನನ್ನ ಲಂಗ. ಕಾನ್ವೆಂಟಿನಲ್ಲಿ ಭಾಷಣಕ್ಕೆ ಬಹುಮಾನ ತಂದಿದ್ದ ನನ್ನ ಬಾಯಲ್ಲಿ ಒಂದು ವಾಕ್ಯವೂ ಪೂರ್ತಿಯಾಗಲಿಲ್ಲ.

"ಮಾಡಿ ತೋರಿಸ್ತೀರಾ?" ಎಂದರು ಟೀಚರು.

ಎದ್ದೆ. ಹಾಕಿ ಸ್ಟಿಕ್ಕು ಸಮೇತ ಪೊರಕೆಯನ್ನು ಎತ್ತಿ ಮಗಳ ಸುತ್ತ ಇಳಿಸಿದೆ. ಕಡ್ಡಿಗಳು ಗಲಗಲ ಅಂದವು. ಬಾಯಿ ತಾನಾಗಿಯೇ, "ಬಂದೋರ ಕಣ್ಣು, ಹೋದೋರ ಕಣ್ಣು, ಅಕ್ಕಪಕ್ಕದೋರ ಕಣ್ಣು..." ಎಂದಿತು.

"ಹಾಗಂದರೆ?"

ಅರ್ಥ ಹೇಳಿದೆ. ಕೊನೆಯ ಅಕ್ಕಪಕ್ಕದೋರ ಮಾತು ಇಂಗ್ಲಿಷಿನಲ್ಲಿ ಹೇಳಿದಾಗ ಹೊಲಿಗೆ ಕ್ಲಾಸಿನ ಸಿಸ್ಟರ್ ನೆನಪಾದರು. ಟೀಚರು ನಕ್ಕರು. ಅವರ ಗ್ರೀಕ್ ಅಜ್ಜಿ ಮಕ್ಕಳನ್ನು ಯಾರಾದರೂ ಹೊಗಳಿದರೆ ಮೂರು ಸಲ ಥೂ ಅನ್ನುತ್ತಿದ್ದರಂತೆ. ಒದ್ದೆ ಟಿಶ್ಯೂ ತಂದು ಮಗಳ ಕಿವಿಯ ಹಿಂದೆ ಒರೆಸಿದರು. ಕಾಡಿಗೆ ಬಂತು, ಕೆಳಗೆ ಬರೀ ಚರ್ಮ. ಚೀಟಿಯ ಹೆಂಗಸು ಮಾತ್ರ ನಗಲಿಲ್ಲ. ಆ ಟಿಶ್ಯೂವನ್ನು ಬೆಳಕಿಗೆ ಹಿಡಿದು ನೋಡಿ, "ಬೆಂಕಿ ಬೇಡ, ದಯವಿಟ್ಟು" ಎಂದಳು. "ನೀವಿನ್ನು ಹೋಗಬಹುದು."

ಹೊರಗೆ ಬಂದಮೇಲೂ ಮಗಳ ಕೈ ಬಿಡಲಿಲ್ಲ. "ಅಮ್ಮಾ, ಯು ಆರ್ ಹರ್ಟಿಂಗ್" ಎಂದಳು. ತಕ್ಷಣ ಬಿಟ್ಟು, ಯಾರಾದರೂ ಕೇಳಿಸಿಕೊಂಡರೇ ಎಂದು ಹಿಂತಿರುಗಿ ನೋಡಿದೆ.

ದೀಪ ಹಚ್ಚಿದ ಮೇಲೆ ಪೊರಕೆ ಮುಟ್ಟಬಾರದು. ಅಂದು ಮುಟ್ಟಿದೆ. ವೇಷದ ಮೇಲೆ ದಪ್ಪ ಜಾಕೆಟ್ ತೊಡಿಸಿ, ಪೊರಕೆ ಕೈಗೆ ಕೊಟ್ಟು, ಮಿಠಾಯಿಗೆಂದು ಮೊದಲು ಪಕ್ಕದ ಮನೆಗೇ ಹೋದೆವು. ಮುದುಕಿ ಬಾಗಿಲು ತೆರೆದು ಎದೆ ಹಿಡಿದುಕೊಂಡು ಹೆದರಿದಂತೆ ನಟಿಸಿದಳು. ಹಾಕಿ ಸ್ಟಿಕ್ಕು ನೋಡಿ ಖುಷಿಪಟ್ಟಳು. ಮಗಳ ಚೀಲಕ್ಕೆ ಚಾಕೊಲೇಟು ಹಾಕಿ, ಸಾಲದೆಂಬಂತೆ ಇನ್ನೊಂದು ಹಿಡಿ ಹಾಕಿದಳು. ಎಂಥ ಒಳ್ಳೆಯವಳು, ಎಂದುಕೊಂಡೆ. ಅವಳ ಬೆನ್ನ ಹಿಂದೆ ಅಡುಗೆಮನೆಯ ಕಿಟಕಿ. ಅದರಾಚೆ ನಮ್ಮ ಗ್ಯಾರೇಜು. ಅಷ್ಟು ಹತ್ತಿರವೆಂದು ನಾನೆಂದೂ ಗಮನಿಸಿರಲಿಲ್ಲ.

ಚಾಕೊಲೇಟಿನ ಬಟ್ಟಲನ್ನು ಸೊಂಟಕ್ಕೆ ಆನಿಸಿಕೊಂಡು ಅವಳು ಹೇಳಿದಳು: "ಹೋದ ವಾರ ನೀನು ಅಲ್ಲಿ ಮಗುವನ್ನು ಕೂರಿಸಿಕೊಂಡು ಏನೋ ಸುಡ್ತಿದ್ದೆಯಲ್ಲ, ಡಿಯರ್, ಯಾರಿಗಾದರೂ ಹೇಳೋಣ ಅಂತ ಫೋನ್ ಎತ್ತಿಯೇಬಿಟ್ಟಿದ್ದೆ. ಅಷ್ಟರಲ್ಲಿ ಟೀವಿಯಲ್ಲಿ ನನ್ನ ಪ್ರೋಗ್ರಾಂ ಶುರುವಾಗಿಬಿಡ್ತು ನೋಡು."