ಹೇಳಿ ಹೊಡೆಯುವವನು

ನನ್ನ ಅಕ್ಕನ ಗಂಡ ಪೈಲವಾನ. ಸದಲಗಾದ ತಾಲೀಮು ಮನೆಯಲ್ಲಿ ನಾನು ಲಂಗೋಟಿ ಕಟ್ಟುವುದನ್ನು ಕಲಿಯುವ ಹೊತ್ತಿಗೆ ಅವನು ಕೊಲ್ಹಾಪುರದ ಕಡೆಗೆಲ್ಲ ಹೋಗಿ ಕುಸ್ತಿ ಗೆದ್ದು ಬರುತ್ತಿದ್ದ. ಅವನನ್ನು ನಾನು ಮಾಮಾ ಎನ್ನುತ್ತಿದ್ದೆ. ಅವನದೊಂದು ರೂಢಿಯಿತ್ತು. ಯಾವ ಪಟ್ಟು ಹಾಕುತ್ತಾನೋ ಅದರ ಹೆಸರನ್ನು ಮೊದಲೇ ಕೂಗಿ ಹೇಳುತ್ತಿದ್ದ.

"ಢಾಕ ಬಂತ್ ನೋಡ್ಲೇ!" ಎನ್ನುವನು. ಢಾಕ ತಡೆಯಲು ನನ್ನ ಕೈಕಾಲು ತಾವಾಗಿಯೇ ಓಡುತ್ತಿದ್ದವು. ಆದರೂ ಅದೇ ಪಟ್ಟಿನಲ್ಲಿ ನನ್ನನ್ನೆತ್ತಿ ಮಣ್ಣಿಗೆ ಒಗೆಯುತ್ತಿದ್ದ. ಗೊತ್ತಿದ್ದೂ ಬೀಳುವುದಿದೆಯಲ್ಲ, ಅದು ಗೊತ್ತಿಲ್ಲದೆ ಬೀಳುವುದಕ್ಕಿಂತ ಕೆಟ್ಟದ್ದು. ಒಂದು ಮುಂಜಾನೆ ಢಾಕ ಎಂದು ಕೂಗಿ, ಹಾಗೆ ಮಾಡದೆ ನನ್ನ ತೋಳು ಹಿಡಿದು ತಿರುವಿದ. ಭುಜದ ಕೀಲು ತಪ್ಪಿತು. ನಾನು ಮಣ್ಣಲ್ಲಿ ಬಿದ್ದು ಒದ್ದಾಡುತ್ತಿದ್ದರೆ ಅವನು ಮೇಲೆ ನಿಂತು ನಗುತ್ತಿದ್ದ. "ಯಾಕಲೇ, ನಾ ಹೇಳಿದ್ದ ನಂಬಿದೇನು?"

ನಮಗೆ ಕುಸ್ತಿ ಕಲಿಸುತ್ತಿದ್ದ ವಸ್ತಾದರು ಕೀಲು ಕೂಡಿಸುತ್ತ ಹೇಳಿದರು: "ಕೂಗಿದ್ರ ಉಸರು ಹೊರಗ ಬಿದ್ದು ಹೊಟ್ಟಿ ಬಿಗೀತೈತಿ. ಅದೊಂದ ಲಾಭ. ಉಳದದ್ದೆಲ್ಲಾ ಎದುರಿನವನ ಎದಿ ಒಡ್ಯಾಕ. ನಿಮ್ಮ ಮಾಮಾ ಅರ್ಧ ಕುಸ್ತಿ ಬಾಯಿಂದ ಹಿಡೀತಾನ."

ಆ ವಾರ ತೋಳು ಕಟ್ಟಿಕೊಂಡು ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಚಹಾ ತಂದಳು. ಮಾಮಾ ಒಂದು ಗುಟುಕು ಕುಡಿದು, ಕುಳಿತಲ್ಲಿಂದಲೇ "ಲೇ, ಎಡಗಪಾಳ" ಎಂದ. ಅಕ್ಕ ತಟ್ಟೆ ಕೆಳಗಿಟ್ಟು ಎಡಗೆನ್ನೆಗೆ ಕೈ ಅಡ್ಡ ಹಿಡಿದಳು. ಅವನು ಏಳಲಿಲ್ಲ. ಚಹಾ ಪೂರ್ತಿ ಕುಡಿದ. ಅವಳ ಕೈ ಅಲ್ಲೇ ಇತ್ತು. ಕೊನೆಗೆ ದಣಿದು ಇಳಿಸಿದಳು ನೋಡಿ, ಆಗ ಎದ್ದು ಹೊಡೆದ. ನಾನು ನುಗ್ಗಿದೆ. ಒಂದೇ ಕೈಯಿಂದ ನನ್ನನ್ನು ಗೋಡೆಗೆ ಒತ್ತಿ ಹಿಡಿದು, ಕಟ್ಟಿದ್ದ ಭುಜದ ಮೇಲೆ ಹೆಬ್ಬೆರಳು ಊರಿದ. ಕಣ್ಣು ಕತ್ತಲಿಟ್ಟಿತು.

ಅವನು ಹೊರಗೆ ಹೋದ ಮೇಲೆ ಅಕ್ಕ ಅಂದಳು: "ಹೊಡತ ಏನ್ ಬಿಡೋ ತಮ್ಮಾ, ಬಂದ್ ಹೋಗತೈತಿ. ಹೇಳಿದ ಮ್ಯಾಲ ಕಾಯೂದೈತೆಲ್ಲ, ಅದು ಜೀವಾ ತಿಂತೈತಿ."

ನಮ್ಮ ಮನೆಗೆ ಬಾ ಎಂದೆ. ಬರಲಿಲ್ಲ.

ಮುಂದೆ ಉಗಾರ ಖುರ್ದದ ಹತ್ತಿರ ಒಂದು ಕುಸ್ತಿ ಮೈದಾನ. ಮಾಮಾನ ಎದುರು ಜೋಡಿಯಾಗಿ ಬಂದವನು ಮೀರಜ್ ಕಡೆಯ ತರುಣ, ಸಣಕಲು ಮೈ. ಮಾಮಾ ತೊಡೆ ತಟ್ಟಿ ಢಾಕ ಎಂದ, ಘಿಸ್ಸಾ ಎಂದ. ಹುಡುಗ ಕದಲಲಿಲ್ಲ. ಅವನ ಕಣ್ಣು ಮಾಮಾನ ಸೊಂಟದ ಮೇಲೇ ಇತ್ತು. ಮಾಮಾ ಇನ್ನೂ ಜೋರಾಗಿ ಕೂಗಿದ. ಆಗ ಹುಡುಗನ ಊರವರು ಯಾರೋ ನಗುತ್ತ ಒದರಿದರು: "ಏ ಪೈಲವಾನ, ಅಂವಗ ಕಿವಿ ಕೇಳಾಂಗಿಲ್ಲೋ! ಕೈ ಸನ್ನಿ ಮಾಡ್!"

ಮೈದಾನವೆಲ್ಲ ನಕ್ಕಿತು. ಮಾಮಾ ಜನರ ಕಡೆ ತಿರುಗಿ ನೋಡಿದ. ಅಷ್ಟರಲ್ಲಿ ಹುಡುಗ ಕಾಲೊಳಗೆ ಹೊಕ್ಕು ಅವನನ್ನು ಅಂಗಾತ ಕೆಡವಿದ. ಬಸ್ಸಿನಲ್ಲಿ ನಾವು ಊರು ಮುಟ್ಟುವ ಮೊದಲೇ ಆ ವಿಡಿಯೋ ಎಲ್ಲರ ಮೊಬೈಲಿಗೆ ಮುಟ್ಟಿತ್ತು. ನನಗೆ ಹಿಗ್ಗೋ ಹಿಗ್ಗು. ಅವನ ಸೊಕ್ಕು ಇಳಿಯಿತು, ಇನ್ನು ಅಕ್ಕ ಪಾರಾದಳು ಅಂದುಕೊಂಡೆ.

ಅವನು ಮನೆಗೆ ಹೋಗಿ, ಒಂದು ಮಾತೂ ಆಡದೆ ಅಕ್ಕನನ್ನು ಹೊಡೆದ. ಅವಳು ರೊಟ್ಟಿ ಬಡಿಯುತ್ತಿದ್ದಳಂತೆ. ಹೆಜ್ಜೆ ಸಪ್ಪಳ ಕೇಳಿ, ಮಾತು ಬರಲೆಂದು ಕಾದಳಂತೆ. ಬರಲಿಲ್ಲ. ದವಡೆ ಮುರಿಯಿತು. ಪಕ್ಕದ ಮನೆಯವರು ಫೋನ್ ಮಾಡಿದಾಗ ನಾನು ಓಡಿದೆ. ಒಲೆಯ ಮೇಲಿನ ರೊಟ್ಟಿ ಸುಟ್ಟು ಕರಕಾಗಿತ್ತು, ಅವನು ಹೊರಕಟ್ಟೆಯ ಮೇಲೆ ಮೊಬೈಲ್ ನೋಡುತ್ತ ಕುಳಿತಿದ್ದ. ಅಕ್ಕನನ್ನು ಚಿಕ್ಕೋಡಿಗೆ ಒಯ್ದೆವು. ಹಲ್ಲುಗಳಿಗೆ ತಂತಿ ಹಾಕಿ ಬಾಯಿ ಮುಚ್ಚಿ ಕಟ್ಟಿದರು. ನಮ್ಮ ಮನೆಗೆ ಕರೆತಂದ ಮೇಲೂ ಗಂಜಿಯನ್ನು ನಳಿಗೆಯಿಂದ ಹೀರಬೇಕಾಯಿತು.

ತಂತಿ ಬಿಚ್ಚಿದ ಮೇಲೆ ಊರ ಹಿರಿಯರು ಮಾಮಾನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಅವನು ತಲೆ ತಗ್ಗಿಸಿ ಕುಳಿತ. ಹಿರಿಯರೊಬ್ಬರು ಹೇಳಿದರು: "ಈಗ ಭಾಳ ತಣ್ಣಗಾಗ್ಯಾನವ್ವಾ. ಒದರೂದು, ಕೂಗೂದು ಎಲ್ಲಾ ಬಿಟ್ಟಾನ. ಮನ್ಯಾಗ ದನಿನ ತಗ್ಯಾಂಗಿಲ್ಲ. ಇನ್ನ ಮನಿಗೆ ನಡಿ."

ಅಕ್ಕನ ದವಡೆ ಇನ್ನೂ ಸರಿಯಾಗಿ ಆಡುತ್ತಿರಲಿಲ್ಲ. ನಿಧಾನಕ್ಕೆ ಹೇಳಿದಳು: "ಅದಕ್ಕ ಬರಾಂಗಿಲ್ರಿ ನಾ."

ಹಿರಿಯರಿಗೆ ಅರ್ಥವಾಗಲಿಲ್ಲ. ಮಾಮಾ ಮಾತ್ರ ತಲೆಯೆತ್ತಿ ಅವಳನ್ನು ನೋಡಿದ.