ನೀಲಿಯ ಕೆಳಗಿನ ಸೀರೆ

ಕಾದಂಬರಿ ಓದುವುದಕ್ಕೂ ಕೌದಿ ಹೊಲಿಯುವುದಕ್ಕೂ ಏನು ಸಂಬಂಧ ಎಂದು ಅಕ್ಕೋರನ್ನು ಕೇಳಿದವಳು ನಾನು. ಅಕ್ಕೋರು ಅಂದರೆ ಪ್ರಾಥಮಿಕ ಶಾಲೆಯಲ್ಲಿ ನನಗೆ ಕಲಿಸಿದವರು. ನಿವೃತ್ತರಾದ ಮೇಲೆ ಗೋಕಾಕ ಫಾಲ್ಸಿನ ತಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ರವಿವಾರ ಏಳೆಂಟು ಹೆಂಗಸರನ್ನು ಕೂಡಿಸಿ ಪುಸ್ತಕ ಓದಿ ಹೇಳುತ್ತಿದ್ದರು. ಕೈ ಖಾಲಿ ಇದ್ದರೆ ಕೇಳುವವರಿಗೆ ನಿದ್ದೆ ಬರುತ್ತದೆಂದು ಎಲ್ಲರ ಕೈಗೂ ಸೂಜಿ. ಒಂದು ಪುಸ್ತಕ ಮುಗಿಯುವಷ್ಟರಲ್ಲಿ ಒಂದು ಕೌದಿ. ಪುಸ್ತಕದಲ್ಲಿ ಕಂಡದ್ದನ್ನು ಬಟ್ಟೆಯಲ್ಲಿ ಕತ್ತರಿಸಿ ಅದರ ಮೇಲೆ ಕೂಡಿಸುವುದು. ಅಕ್ಕೋರ ಕಣ್ಣು ಮಂಜಾದಾಗ ನನಗೆ ಫೋನು ಬಂತು.

"ನಿನ್ನ ಗಂಟಲಾ ಜೋರ ಐತಿ. ಸ್ಟೇಜಿನ ಮ್ಯಾಲ ಒದರಿದ್ದು ಸಾಕು, ಬಂದು ಓದು."

ನಾನು ಆಗ ಮೂಡಲಗಿಯಿಂದ ಗೋಕಾಕದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಚರ್ಚಾಸ್ಪರ್ಧೆಗೆ ಯಾರನ್ನು ಕಳಿಸೋಣ ಎಂಬ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ನಂಬಿಕೆ ಎನ್ನುವುದು ಚೀಟಿ ಎತ್ತಿದ ಮೇಲೆ ಬರುವ ವಸ್ತು ಎಂದುಕೊಂಡಿದ್ದೆ.

ಆ ಹೆಂಗಸರಲ್ಲಿ ಒಬ್ಬಳು ಆಯಿ. ಅರವತ್ತು ದಾಟಿದವಳು, ಗಿರಣಿಯಲ್ಲಿ ದುಡಿದು ಸತ್ತವನ ಹೆಂಡತಿ. ಅಕ್ಷರ ಬರುತ್ತಿರಲಿಲ್ಲ. ಹೋದ ವರ್ಷದ ಬೇಸಿಗೆಯಲ್ಲಿ ನಾವು ಓದಿದ್ದು ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರೊಂದರ ಕಾದಂಬರಿ. ಊರವರು ಗಾಡಿ ಹೂಡಿಕೊಂಡು ಹೊರಡುವ ಪುಟ ಬಂದಾಗ ಆಯಿ ಸೂಜಿ ನಿಲ್ಲಿಸಿದಳು.

"ಅದನ್ನ ಇನ್ನೊಮ್ಮೆ ಓದ ನೋಡೂಣು."

ಓದಿದೆ. ಮತ್ತೂ ಒಮ್ಮೆ ಓದಿಸಿದಳು. ಆಕೆಯ ತವರೂರು ಹಿಡಕಲ್ ಅಣೆಕಟ್ಟಿನ ನೀರಿನ ಕೆಳಗಿದೆ ಎಂದು ನನಗೆ ಗೊತ್ತಾದದ್ದು ಆವತ್ತು. ಊರು ಬಿಟ್ಟಾಗ ಆಕೆ ಇನ್ನೂ ಪರಕಾರ, ಅಂದರೆ ಲಂಗ, ಉಡುವ ವಯಸ್ಸಿನವಳಂತೆ.

ಮುಂದಿನ ರವಿವಾರ ಆಯಿ ಒಂದು ಸೀರೆ ತಂದಳು. ದಾಳಿಂಬೆ ಬಣ್ಣದ ಇಳಕಲ್ ಸೀರೆ, ಉಳಿದದ್ದು ಅರ್ಧ. ಬೆಳಕಿಗೆ ಹಿಡಿದರೆ ಆಚೆ ಕೂತವರ ಮುಖ ಕಾಣುವಷ್ಟು ಸವೆದಿತ್ತು. ಅದರಲ್ಲಿ ನಾಲ್ಕು ಮನೆ, ಒಂದು ಗುಡಿ ಕತ್ತರಿಸಿ ಕೌದಿಯ ಮೇಲ್ಗಡೆ, ನೀಲಿ ಬಟ್ಟೆಯ ನೀರಿನ ಮೇಲೆ ಹಚ್ಚಬೇಕು ಎಂದಳು.

"ನೀರಿನ ಮ್ಯಾಲ ಊರ ಹೆಂಗ ಬರತೈತಿ ಆಯಿ? ಪುಸ್ತಕದಾಗ ಊರ ಮುಳಗೇತಿ," ಎಂದೆ.

"ಬ್ಯಾಸಿಗ್ಯಾಗ ನೀರ ಇಳಿತಾವ. ಗುಡಿ ಕಾಣತೈತಿ. ನಾ ಹೋಗಿ ನೋಡಕೊಂಡ ಬಂದೇನಿ."

"ಪುಸ್ತಕದಾಗ ಬ್ಯಾಸಿಗಿ ಇಲ್ಲಲಾ."

"ಬರದಾಂವ ಮಳಿಗಾಲದಾಗ ಕುಂತ ಬರದಿರಬೇಕ ತಗೋ!"

ಎಲ್ಲರೂ ನಕ್ಕರು. ನಾನೂ ನಕ್ಕು ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ಆದರೆ ಸಭೆ ನಕ್ಕಿತು ಅಂದರೆ ಎದುರಾಳಿಗೆ ಒಂದು ಅಂಕ ಹೋಯಿತು ಎಂದೇ ನನ್ನ ಲೆಕ್ಕ. ಚರ್ಚೆ ಆಗಿಬಿಡಲಿ ಎಂದೆ. ತಲಾ ಮೂರು ನಿಮಿಷ, ಅಕ್ಕೋರೇ ನಿರ್ಣಾಯಕರು, ಸಮಯ ಮುಗಿದರೆ ಸ್ಟೀಲ್ ಲೋಟಕ್ಕೆ ಚಮಚದಿಂದ ಹೊಡೆಯುವುದು. ಹೆಂಗಸರಿಗೂ ಅದು ಮೋಜೆನಿಸಿತು.

ನಾನು ಎದ್ದು ನಿಂತೆ. ಪುಸ್ತಕದಲ್ಲಿದ್ದದ್ದು ಮಾತ್ರ ಕೌದಿಗೆ ಎಂಬುದು ನಾವೇ ಮಾಡಿಕೊಂಡ ನಿಯಮ ಎಂದೆ. ಒಬ್ಬೊಬ್ಬರೂ ತಮ್ಮ ತಮ್ಮ ಊರು ತಂದರೆ ಪುಸ್ತಕ ಯಾಕೆ ಬೇಕು ಎಂದೆ. ಅಷ್ಟಕ್ಕೆ ಯಾರೂ ಅಲ್ಲಾಡಲಿಲ್ಲ. ಆಮೇಲೆ ಅವರದೇ ಕಸುಬನ್ನು ತೆಗೆದೆ: "ಕೌದಿಗೆ ಮ್ಯಾಲ ಗಟ್ಟಿ ಅರಬಿ, ಒಳಗ ಹಳೇ ಸೀರಿ. ಇದು ನಿಮ್ಮ ಪದ್ಧತಿ, ನಂದಲ್ಲ. ಜೀರ್ಣಾದ ಸೀರಿ ಮ್ಯಾಲ ಹಾಕಿದ್ರ ಎರಡ ಸಲಾ ಒಗಿಯೂದ್ರಾಗ ಊರ ಹರದ ಹೋಗತೈತಿ. ಆಯಿ ತನ್ನ ಪದ್ಧತಿ ತಾನ ಮುರೀಬೇಕೇನ್ರಿ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೆದ್ದೆ ಎಂದು ಆ ಕ್ಷಣಕ್ಕೇ ಗೊತ್ತಾಯಿತು.

ಆಯಿ ತನ್ನ ಮೂರು ನಿಮಿಷದಲ್ಲಿ ಅರ್ಧವನ್ನೂ ಬಳಸಲಿಲ್ಲ. ಕೂತಲ್ಲೇ ಹೇಳಿದಳು: "ನಮ್ಮವ್ವ ಇದನ್ನ ಉಟಗೊಂಡ ಊರ ಬಿಟ್ಟಾಕಿ. ಹೊಳ್ಳಿ ಹಿಂದ ನೋಡಬ್ಯಾಡ ಅಂತ ಅಪ್ಪ ಅಂದ. ಆಕಿ ನೋಡಲಿಲ್ಲ. ಸಾಯೂತನಕಾ ಅದನ್ನ ಅಂತಿದ್ಳು, ಒಮ್ಮೆರ ಹೊಳ್ಳಿ ನೋಡಬೇಕಾಗಿತ್ತು ಅಂತ. ಅದಕ್ಕ."

"ಇದು ಭಾವನೆ ಆತು ಆಯಿ, ವಾದ ಆಗಲಿಲ್ಲ," ಎಂದೆ.

ಇದನ್ನು ಬರೆಯುವಾಗ ಆ ಸಾಲನ್ನು ಬಿಟ್ಟುಬಿಡೋಣ ಅನ್ನಿಸಿತು. ಅಂದದ್ದು ಹೌದು.

ತೀರ್ಪನ್ನು ಅಕ್ಕೋರು ಸಭೆಗೇ ಬಿಟ್ಟರು. ಕೈ ಎತ್ತಿದಾಗ ಅವರು ಮತ್ತು ಇನ್ನೊಬ್ಬಳನ್ನು ಬಿಟ್ಟು ಉಳಿದವರೆಲ್ಲ ನನ್ನ ಕಡೆ. ಆಯಿ ಸೀರೆಯನ್ನು ಕತ್ತರಿಸಲಿಲ್ಲ. ನೆಲದ ಮೇಲೆ ಹಾಸಿದ ಪದರಗಳ ನಡುವೆ ಅದನ್ನು ಇದ್ದ ಹಾಗೇ ಹರವಿ, ಸುಕ್ಕು ತೆಗೆದು, ಅದರ ಮೇಲೆ ನೀಲಿ ಎಳೆದಳು.

"ಆತ ಬಿಡವಾ. ಶಾಣ್ಯಾಕಿ ನೀ."

ಆ ನೀಲಿಯ ಭಾಗವನ್ನು ಬೇರೆ ಯಾರಿಗೂ ಮುಟ್ಟಗೊಡದೆ ತಾನೇ ಹೊಲಿದಳು. ಅಕ್ಕಿಕಾಳಿಗಿಂತ ಸಣ್ಣ ಹೊಲಿಗೆ, ಸಾಲಿನ ಬಾಜೂಕ್ಕೆ ಸಾಲು. "ಆಯಿ, ಇದನ್ನ ಬಿಚ್ಚಾಕ ಇನ್ನ ಪೊಲೀಸರ ಬರಬೇಕ ನೋಡ," ಎಂದು ಒಬ್ಬಳು ಚಾಷ್ಟಿ ಮಾಡಿದಳು. ಆಯಿ ನಗಲಿಲ್ಲ.

ಕೌದಿಯನ್ನು ನಾನು ಮೂಡಲಗಿಗೆ ಒಯ್ದು ಗ್ರಂಥಾಲಯದ ಗೋಡೆಗೆ ತೂಗುಹಾಕಿಸಿದೆ. ಪಕ್ಕದಲ್ಲಿ ನಾನೇ ಬರೆದ ಒಂದು ಹಾಳೆಯ ವಿವರಣೆ. ಜನ ಫೋಟೋ ಹೊಡೆದುಕೊಂಡರು. ಆಯಿ ನೋಡಲು ಬರಲಿಲ್ಲ, ಮೊಣಕಾಲು ನೋವು ಎಂದಳು.

ಶ್ರಾವಣದಲ್ಲಿ ಆಕೆ ಓದಿಗೂ ಬರುವುದು ನಿಂತಿತು. ಸೋತವರ ಮುನಿಸು, ನಾಲ್ಕು ವಾರ ಹೋದರೆ ತಾನೇ ಬರುತ್ತಾಳೆ ಎಂದುಕೊಂಡೆ. ಒಂದು ದಿನ ಅಕ್ಕೋರು ಫೋನು ಮಾಡಿದರು. ಆಯಿಗೆ ಲಕ್ವಾ ಹೊಡೆದು, ಮಗಳು ಬೆಲ್ಲದ ಬಾಗೇವಾಡಿಗೆ ಕರೆದುಕೊಂಡು ಹೋಗಿ ತಿಂಗಳಾಗಿತ್ತು. ಮಾತು ಹೋಗಿದೆ. 'ಸೀರಿ' ಎನ್ನುವುದೊಂದು ಮಾತ್ರ ತೊದಲಿ ಹೊರಡುತ್ತದೆ. ಮಗಳು ಟ್ರಂಕಿನಲ್ಲಿದ್ದ ಸೀರೆಗಳನ್ನೆಲ್ಲ ತೆಗೆದು ಒಂದೊಂದಾಗಿ ತೋರಿಸಿದ್ದಾಳೆ. ಆಕೆ ಒಂದೊಂದನ್ನೇ ದೂಡಿದ್ದಾಳೆ.

"ಆ ಊರಿಂದು ಅಂತ ಅಕಿ ಕಡೆ ಉಳದದ್ದು ಅದೊಂದ ಸೀರಿ ಇತ್ತಂತ," ಎಂದರು ಅಕ್ಕೋರು. ಫೋನು ಇಡುವ ಮೊದಲು ಸೇರಿಸಿದರು: "ಹೋಗೂ ಮುಂದ ಒಂದ ಬ್ಲೇಡ ತಗೊಂಡ ಹೋಗು."

ಗೋಡೆಯಿಂದ ಕೌದಿ ಇಳಿಸಿಕೊಂಡು ಹೊರಟೆ. ಗೋಕಾಕದಲ್ಲೊಮ್ಮೆ, ಹುಕ್ಕೇರಿಯಲ್ಲೊಮ್ಮೆ ಬಸ್ಸು ಬದಲಿಸಿದೆ. "ಹಾಸಿಗಿ ತಗೊಂಡ ಹತ್ತೀರಿ, ಬಸ್ಸಿನ್ಯಾಗ ವಸ್ತೀ ಮಾಡಾವರೇನ್ರಿ?" ಎಂದ ಕಂಡಕ್ಟರ. ದಾರಿಯುದ್ದಕ್ಕೂ ಕ್ಷಮೆ ಕೇಳುವುದನ್ನು ಜೋಡಿಸುತ್ತ ಕೂತಿದ್ದೆ: ಮೊದಲು ಏನು, ಆಮೇಲೆ ಏನು, ಆಯಿ ಮುಖ ತಿರುಗಿಸಿದರೆ ಏನು.

ಆಯಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಗಳು ಹೊರಳಿಸಿ, ಮೈಮೇಲೆ ಕೌದಿ ಹೊದಿಸಿದಳು. ಎಡಗೈ ಮಾತ್ರ ಆಡುತ್ತಿತ್ತು. ಅದು ನಿಧಾನಕ್ಕೆ ನೀಲಿಯ ಮೇಲೆ ಸರಿಯಿತು. ಹೊಲಿಗೆಯ ಸಾಲು ಬೆರಳಿಗೆ ತಾಗಿದ ಕೂಡಲೇ ನಿಂತಿತು. ತನ್ನ ಕೈಕೆಲಸ ಗುರುತಾಯಿತು. ಆಮೇಲೆ ಉಗುರಿನಿಂದ ಕೆರೆಯತೊಡಗಿದಳು.

ನಾನು ನೆಲದ ಮೇಲೆ ಮೊಣಕಾಲೂರಿ ಬ್ಲೇಡು ತೆಗೆದೆ. ಒಂದು ಹೊಲಿಗೆ ಕೊಯ್ದು ದಾರ ಎಳೆದರೆ ಸೀರೆಯ ಎಳೆಯೂ ಅದರ ಜೊತೆಗೇ ಬರುತ್ತಿತ್ತು. ಇನ್ನೂ ಹಗುರಾಗಿ ಎಳೆದೆ, ಆಗಲೂ ಬಂತು. ಅಷ್ಟು ಸವೆದ ಬಟ್ಟೆಯನ್ನು ಹಿಡಿದಿಟ್ಟದ್ದು ಆ ಹೊಲಿಗೆಯೇ. ನಾನು ಬಿಚ್ಚಿದಷ್ಟೂ ಅದು ಹಿಂಜಿದ ಅರಳೆಯ ಹಾಗೆ ಬಿಡಿಬಿಡಿಯಾಯಿತು.

"ಸಾಕ ನಿಲ್ಲಸ ತಂಗಿ, ಪೂರಾ ಹರದ ಹೋಗತೈತಿ ಅದು," ಎಂದಳು ಮಗಳು.

ಅಷ್ಟರಲ್ಲಿ ಅಂಗೈಯಗಲದ ಬಾಯಿ ತೆರೆದಿತ್ತು. ಒಳಗೆ ದಾಳಿಂಬೆ ಬಣ್ಣ. ಆಯಿ ತನ್ನ ಕೈಯನ್ನು ಮಣಿಕಟ್ಟಿನವರೆಗೆ ಅದರೊಳಗೆ ತೂರಿಸಿ ಹಾಗೇ ಇಟ್ಟುಕೊಂಡಳು. ಕೆರೆಯುವುದು ನಿಂತಿತು.

ಜೋಡಿಸಿಕೊಂಡು ಹೋದದ್ದರಲ್ಲಿ ಒಂದೇ ಮಾತು ಹೊರಬಂತು. "ಆಯಿ, ನಂದ ತಪ್ಪಾತು."

ಆಕೆ ನನ್ನತ್ತ ನೋಡಲಿಲ್ಲ. ಕೇಳಿಸಿರಲಿಕ್ಕಿಲ್ಲ. ಕೇಳಿಸಿಯೂ ನೋಡದೆ ಇದ್ದಿರಬಹುದು. ಎರಡಕ್ಕೂ ನನ್ನ ಬಳಿ ಸಾಕ್ಷ್ಯವಿಲ್ಲ.

ಹೊರಡುವಾಗ ಮಗಳು ಕೇಳಿದಳು, "ಈ ಬಾಯಿಗೆ ಹೊಲಿಗಿ ಹಾಕಿ ಹೋಗತೀ ಏನ?" ಕೈ ಇನ್ನೂ ಒಳಗೇ ಇತ್ತು. "ಇರಲ್ರಿ," ಎಂದೆ.

ಐದನೆಯ ದಿನ ಆಯಿ ಹೋದಳು. ಮಣ್ಣಿಗೆ ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೈಯನ್ನು ಕೌದಿಯಿಂದ ಹೊರಗೆ ತೆಗೆದಾಗ ಬೆರಳುಗಳಿಗೆಲ್ಲ ಕೆಂಪು ಎಳೆ ಸುತ್ತಿಕೊಂಡಿದ್ದವಂತೆ. ಮೈ ತೊಳೆಯುವವರು ಬಿಡಿಸಲು ಹೋದರೆ ಮಗಳು ಬೇಡ ಎಂದಳಂತೆ. ಹಾಗೇ ಕಳಿಸಿದರು.